ಅರ್ಲಿ ಡಿಸಿಷನ್‌ಗೆ ಕಾದ ಆರು ವಾರ: ಗಾಂಧಿ ಬಜಾರಿನ ಕೌನ್ಸೆಲರ್ ಮೇಡಂ ಬಗ್ಗೆ

ಮಕ್ಕಳನ್ನು ಅಮೆರಿಕಕ್ಕೆ ಡಿಗ್ರಿ ಓದಲು ಕಳಿಸಬೇಕು ಅಂತ ಕೌನ್ಸೆಲರ್ ಹುಡುಕುತ್ತಿರುವ ಅಪ್ಪ ಅಮ್ಮಂದಿರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಲರೂ ಮೊದಲು ಕೇಳುವುದು "ಎಸ್ಸೇ ಯಾರು ತಿದ್ದುತ್ತಾರೆ, ಫೀಸು ಎಷ್ಟು" ಅಂತ. ನಾನೂ ಅದನ್ನೇ ಕೇಳಿದ್ದೆ. ಈಗ ಕೇಳುವುದಾದರೆ ಬೇರೆ ಪ್ರಶ್ನೆ ಕೇಳುತ್ತೇನೆ. ಅರ್ಲಿ ಡಿಸಿಷನ್, ಅಂದರೆ ಬೇಗ ಹಾಕಿ ಬೇಗ ಉತ್ತರ ಪಡೆಯುವ ಅರ್ಜಿ, ನವೆಂಬರ್ 1ಕ್ಕೆ ಹೋದ ಮೇಲೆ, ಡಿಸೆಂಬರ್ ಮಧ್ಯದಲ್ಲಿ ಉತ್ತರ ಬರುವ ತನಕ, ನಮ್ಮ ಮಗುವಿನ ಜೊತೆ ನೀವು ಏನು ಮಾಡುತ್ತೀರಿ?

ಮೇಡಂ ಹೆಸರು ಹಾಕುತ್ತಿಲ್ಲ. ವರ್ಷಕ್ಕೆ ಎಂಟೇ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ, ಹೆಸರು ಬೇಡ ಅಂತ ಅವರೇ ಹೇಳಿದರು. ಬಸವನಗುಡಿ ಕಡೆಯವರು ವಿಚಾರಿಸಿದರೆ ಗೊತ್ತಾಗುತ್ತದೆ. ಗೊತ್ತಾಗದಿದ್ದರೂ ಪರವಾಗಿಲ್ಲ. ನೀವು ಯಾರ ಹತ್ತಿರ ಹೋದರೂ ಏನು ನೋಡಬೇಕು ಅಂತ ತಿಳಿದರೆ ಸಾಕು.

ನಾನು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ನಮ್ಮ ಯಜಮಾನರು ಸಹಕಾರಿ ಬ್ಯಾಂಕಿನಲ್ಲಿದ್ದಾರೆ. ಮಗಳು ಆಸೆಪಟ್ಟಿದ್ದು ಐವಿ ಲೀಗ್ ಅಂತ ಕರೆಯುವ ಅಮೆರಿಕದ ಎಂಟು ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಒಂದಕ್ಕೆ. ಅಲ್ಲಿ ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ ಸುಮಾರು 90,000 ಡಾಲರ್. ನಮ್ಮ ಲೆಕ್ಕದಲ್ಲಿ ಮುಕ್ಕಾಲು ಕೋಟಿ ರೂಪಾಯಿಗೂ ಮೇಲೆ. ಸಹಾಯಧನ ಸಿಗದಿದ್ದರೆ ನಮ್ಮಿಂದ ಆಗದ ಮಾತು. ಮೊದಲು ಒಂದು ದೊಡ್ಡ ಸಂಸ್ಥೆಗೆ ಹೋಗಿದ್ದೆವು. ಎಸಿ ಆಫೀಸು, ಗೋಡೆ ತುಂಬ ಫೋಟೋ. ಮೂರೂವರೆ ಲಕ್ಷದ ಪ್ಯಾಕೇಜ್ ಅಂದರು. ಸಹಾಯಧನದ ವಿಷಯ ಎತ್ತಿದ ಕೂಡಲೇ ಅವರ ಮುಖ ಸಪ್ಪಗಾಯಿತು. "ನೆರವು ಕೇಳಿದರೆ ಸೀಟು ಮರೆತುಬಿಡಿ" ಅಂದರು.

ಅದು ಪೂರ್ತಿ ನಿಜ ಅಲ್ಲ ಅಂತ ಗಾಂಧಿ ಬಜಾರಿನ ಮೇಡಂ ಹತ್ತಿರ ಹೋದ ಮೊದಲ ದಿನವೇ ಗೊತ್ತಾಯಿತು. ಮನೆಯಲ್ಲಿ ಎಷ್ಟು ದುಡ್ಡಿದೆ ಅಂತ ನೋಡದೆ ಬೇರೆ ದೇಶದ ಮಕ್ಕಳನ್ನೂ ಆರಿಸುವ ಕಾಲೇಜುಗಳು ಕೆಲವು ಇವೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್ ಇಂಥವು. ಉಳಿದ ಬಹಳ ಕಡೆ ನೆರವು ಕೇಳಿದ್ದೂ ಲೆಕ್ಕಕ್ಕೆ ಬರುತ್ತದೆ. ಇದನ್ನು ಅವರು ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ ಬರೆದುಕೊಟ್ಟರು. ಅರ್ಲಿ ಡಿಸಿಷನ್ ಅಂದರೆ ಮಾತು ಕೊಟ್ಟ ಹಾಗೆ ಅಂತಲೂ ಆವತ್ತೇ ಹೇಳಿದರು. ಅರ್ಲಿ ಡಿಸಿಷನ್‌ನಲ್ಲಿ ಒಂದೇ ಕಾಲೇಜಿಗೆ ಹಾಕಬೇಕು, ಅಲ್ಲಿ ಸೀಟು ಕೊಟ್ಟರೆ ಉಳಿದ ಅರ್ಜಿಗಳನ್ನೆಲ್ಲ ವಾಪಸ್ ತೆಗೆದು ಅಲ್ಲಿಗೇ ಹೋಗಬೇಕು. ಮಗಳು, ನಾವು, ಅವಳ ಪಿಯು ಕಾಲೇಜಿನವರು ಮೂವರೂ ಸಹಿ ಹಾಕಬೇಕು. ಕೊಟ್ಟ ಸಹಾಯಧನ ಸಾಲದೇ ಹೋದರೆ ಮಾತ್ರ ಬಿಡಬಹುದು. ಇಷ್ಟನ್ನು ಯಾರೂ ನಮಗೆ ಅಷ್ಟು ಬಿಡಿಸಿ ಹೇಳಿರಲಿಲ್ಲ.

ಮೇಡಂ ಫೀಸು 60,000 ರೂಪಾಯಿ, ಮೂರು ಕಂತು. ಎಸ್ಸೇ ಅವರು ಬರೆದುಕೊಡುವುದಿಲ್ಲ. 650 ಪದದ ಮುಖ್ಯ ಎಸ್ಸೇಯನ್ನು ಮಗಳು ಒಂಬತ್ತು ಸಲ ಬರೆದಳು. ಪ್ರತಿ ಸಲವೂ ಮೇಡಂ ಪೆನ್ಸಿಲ್‌ನಲ್ಲಿ ಎರಡೇ ಪ್ರಶ್ನೆ ಬರೆದು ವಾಪಸ್ ಕೊಡುತ್ತಿದ್ದರು.

ಪಿಯು ಕಾಲೇಜಿನ ಮಕ್ಕಳಿರುವವರು ಇದನ್ನು ಗಮನಿಸಬೇಕು. ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್ ಅನ್ನುವ ವೆಬ್‌ಸೈಟಿನಲ್ಲಿ 'ಸ್ಕೂಲ್ ರಿಪೋರ್ಟ್' ಅಂತ ಒಂದಿದೆ, ಅದನ್ನು ಮಗು ಓದುವ ಪಿಯು ಕಾಲೇಜಿನವರೇ ತುಂಬಬೇಕು. ಒಂಬತ್ತರಿಂದ ಹನ್ನೆರಡರ ತನಕದ ಅಂಕಪಟ್ಟಿ ಬೇಕು. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ಒಂದು ಕಡೆ, ಪಿಯುಸಿ ಇನ್ನೊಂದು ಕಡೆ ಓದಿರುತ್ತಾರೆ. ಮಗಳ ಕಾಲೇಜಿನಲ್ಲಿ ಇಂಥ ಫಾರಂ ಯಾರೂ ನೋಡಿರಲಿಲ್ಲ. ಕಾಲೇಜಿಗೆ ಸ್ವಂತ ಇಮೇಲ್ ಕೂಡ ಇರಲಿಲ್ಲ. ಮೇಡಂ ತಾವೇ ಆಟೋ ಮಾಡಿಕೊಂಡು ಬಂದರು. ಪ್ರಿನ್ಸಿಪಾಲರ ರೂಮಿನಲ್ಲಿ, ಕ್ಲರ್ಕ್ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಎರಡು ಗಂಟೆ ಕೂತರು. ಒಂದೊಂದೇ ಕಾಲಂ ಕನ್ನಡದಲ್ಲಿ ವಿವರಿಸಿದರು. ಕೊನೆಗೆ ಪ್ರಿನ್ಸಿಪಾಲರು ಕನ್ನಡಕ ತೆಗೆದಿಟ್ಟು, "ಈ ಹುಡುಗಿ ಬಗ್ಗೆ ನಾನೇ ಒಂದು ಪುಟ ಬರೆಯುತ್ತೇನೆ ಮೇಡಂ, ನಾಳೆ ತನಕ ಟೈಮ್ ಕೊಡಿ" ಅಂದರು. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ನವೆಂಬರ್ 1, ರಾಜ್ಯೋತ್ಸವದ ದಿನ. ಬೀದಿಯಲ್ಲಿ ಧ್ವಜ ಹಾರಿಸಿ ಮೈಕ್ ಹಾಕಿದ್ದರು. ಆ ಸದ್ದಿನ ಮಧ್ಯೆಯೇ ಮಗಳು ಸಬ್ಮಿಟ್ ಒತ್ತಿದಳು.

ಅಲ್ಲಿಂದ ಶುರುವಾಗಿದ್ದು ನಿಜವಾದ ಕಷ್ಟ. ಅರ್ಜಿ ಏನಾಯಿತು ಅಂತ ನೋಡಲು ಅಮೆರಿಕದ ಕಾಲೇಜಿನ ಪೋರ್ಟಲ್ ಇರುತ್ತದಲ್ಲ, ಮಗಳು ಅದನ್ನು ದಿನಕ್ಕೆ ಇಪ್ಪತ್ತು ಸಲ ತೆಗೆದು ನೋಡುತ್ತಿದ್ದಳು. ಊಟದ ತಟ್ಟೆ ಮುಂದೆ, ಬಸ್ಸಿನಲ್ಲಿ, ರಾತ್ರಿ ಎರಡು ಗಂಟೆಗೆ. ಒಂದು ದಾಖಲೆ ಪಕ್ಕ ಹಸಿರು ಗುರುತು ಬಂದಿಲ್ಲ ಅಂತ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಗೆಳತಿಗೆ, ಕಾಲೇಜಿನ ಹಳೇ ವಿದ್ಯಾರ್ಥಿಗಳು ಮಾಡುವ ಇಂಟರ್‌ವ್ಯೂಗೆ ಕರೆ ಬಂತು, ಇವಳಿಗೆ ಬರಲಿಲ್ಲ. ಕೋಣೆ ಬಾಗಿಲು ಹಾಕಿಕೊಂಡಳು. ನಾನು ತಾಯಿ, ಏನು ಹೇಳಿದರೂ ಸುಮ್ನೆ ಸಮಾಧಾನಕ್ಕೆ ಹೇಳುತ್ತೀಯ ಅನ್ನುತ್ತಿದ್ದಳು. ಅತ್ತೆಯವರು ಪಾಪ, "ರಿಸಲ್ಟ್ ಬಂತೇನೇ ಪುಟ್ಟಿ?" ಅಂತ ದಿನಾ ಕೇಳುತ್ತಿದ್ದರು. ಅವರಿಗೂ ಕಳವಳ.

ಮೇಡಂ ಮಾಡಿದ ಕೆಲಸ ಎರಡು. ಒಂದು, ನವೆಂಬರ್ 3ಕ್ಕೇ ಎಂಟೂ ಮಕ್ಕಳನ್ನು ಕೂರಿಸಿಕೊಂಡು ಉಳಿದ ಕಾಲೇಜುಗಳ ಅರ್ಜಿ ಶುರು ಮಾಡಿಸಿದರು. ಅರ್ಲಿ ಉತ್ತರ ಬರುವುದು ಡಿಸೆಂಬರ್ ಮಧ್ಯಕ್ಕೆ. ರೆಗ್ಯುಲರ್, ಅಂದರೆ ಮಾಮೂಲಿ ಅರ್ಜಿಗೆ ಬಹಳ ಕಡೆ ಕೊನೇ ದಿನ ಜನವರಿ ಮೊದಲ ವಾರ. ಮಧ್ಯೆ ಇರುವುದು ಎರಡು, ಎರಡೂವರೆ ವಾರ. ಮನಸ್ಸು ಮುರಿದ ಮಗು ಆ ಎರಡು ವಾರದಲ್ಲಿ ಏಳೆಂಟು ಕಾಲೇಜಿಗೆ ಹೊಸದಾಗಿ ಬರೆಯುವುದು ಹೇಗೆ? ಡಿಸೆಂಬರ್ 10ರ ಹೊತ್ತಿಗೆ ಮಗಳ ಐದು ಅರ್ಜಿ ಮುಗಿದಿದ್ದವು. ದೊಡ್ಡ ಸಂಸ್ಥೆಗೆ ಸೇರಿದ್ದ ನಮ್ಮ ಪರಿಚಯದ ಹುಡುಗನಿಗೆ "ರಿಸಲ್ಟ್ ಬರಲಿ, ಆಮೇಲೆ ನೋಡೋಣ" ಅಂದಿದ್ದರಂತೆ. ಅವನು ಕ್ರಿಸ್‌ಮಸ್ ವಾರ ಪೂರ್ತಿ ನಿದ್ದೆಗೆಟ್ಟ.

ಎರಡನೆಯದು, ಪ್ರತಿ ಶನಿವಾರ ಮೂರು ಗಂಟೆಗೆ ಮಕ್ಕಳನ್ನು ತಮ್ಮ ಹತ್ತಿರ ಸೇರಿಸಿದ್ದು. ಪೋರ್ಟಲ್ ಅಲ್ಲಿ ಮಾತ್ರ ತೆಗೆಯಬೇಕು, ವಾರಕ್ಕೆ ಒಂದೇ ಸಲ. ಏನಾದರೂ ದಾಖಲೆ ಬಾಕಿ ಇದ್ದರೆ ಮೇಡಂ ಪಕ್ಕದಲ್ಲೇ ಇರುತ್ತಾರೆ. ಇಂಟರ್‌ವ್ಯೂ ಬಂದಿಲ್ಲ ಅಂದರೆ ಆ ಊರಿನಲ್ಲಿ ಮಾಡಲು ಜನ ಸಿಕ್ಕಿಲ್ಲ ಅಂತಲೂ ಇರಬಹುದು, ಅದನ್ನು ಶಕುನ ಮಾಡಿಕೊಳ್ಳಬೇಡಿ ಅಂತ ಅವರೇ ಹೇಳಿದರು. ನಾನು ಹೇಳಿದರೆ ನಂಬದವಳು ಅವರು ಹೇಳಿದಾಗ ನಂಬಿದಳು. ಕಡಲೆಕಾಯಿ ಪರಿಷೆ ವಾರ ಒಂದು ದಿನ ನಾನು ಬೇಗ ಹೋದೆ. ಮಹಡಿ ಹಾಲಿನಲ್ಲಿ ಪೇಪರ್ ಹಾಸಿ, ಮಧ್ಯೆ ಬೇಯಿಸಿದ ಕಡಲೆಕಾಯಿ ಸುರಿದಿದ್ದರು. ಎಂಟು ಮಕ್ಕಳು ಸುತ್ತ ಕೂತು ಸುಲಿಯುತ್ತಾ ಒಬ್ಬರ ಎಸ್ಸೇ ಇನ್ನೊಬ್ಬರು ಜೋರಾಗಿ ಓದುತ್ತಿದ್ದರು. ಮಗಳ ಬೆರಳ ತುದಿ ಕಪ್ಪಾಗಿತ್ತು. ಯಾರದೋ ಎಸ್ಸೇ ಕೇಳಿ ನಗುತ್ತಿದ್ದಳು. ಮೂರು ವಾರದಲ್ಲಿ ಅವಳ ನಗು ನಾನು ಕೇಳಿದ್ದು ಅವತ್ತೇ.

ಉತ್ತರ ಬರುವ ದಿನ, ಅಲ್ಲಿ ಸಂಜೆ 7 ಅಂದರೆ ನಮಗೆ ಬೆಳಗಿನ ಜಾವ ಐದೂವರೆ. ಧನುರ್ಮಾಸ ಶುರುವಾಗಿತ್ತು. ಬೀದಿ ಕೊನೆಯ ದೇವಸ್ಥಾನದಲ್ಲಿ ಗಂಟೆ ಕೇಳುತ್ತಿತ್ತು. ಅತ್ತೆಯವರು ಸ್ನಾನ ಮಾಡಿ ದೀಪ ಹಚ್ಚಿ ಕೂತಿದ್ದರು. ಮಗಳು ಒಬ್ಬಳೇ ನೋಡುತ್ತೇನೆ ಅಂದಳು, ಬಿಟ್ಟೆವು. ಹತ್ತು ನಿಮಿಷ ಸದ್ದಿಲ್ಲ. ಆಮೇಲೆ ಆಚೆ ಬಂದು "ಡಿಫರ್ ಅಮ್ಮ" ಅಂದಳು.

ಡಿಫರ್ ಅಂದರೆ ಹೂಂ ಅಲ್ಲ, ಉಹೂಂ ಅಲ್ಲ. ಅರ್ಜಿಯನ್ನು ರೆಗ್ಯುಲರ್ ಗುಂಪಿನ ಜೊತೆ ಮತ್ತೆ ನೋಡುತ್ತಾರೆ, ಮಾರ್ಚ್ ಕೊನೆಗೆ ಹೇಳುತ್ತಾರೆ. ಕೊಟ್ಟ ಮಾತಿನಿಂದ ಮಗು ಬಿಡುಗಡೆ, ಎಲ್ಲಿ ಬೇಕಾದರೂ ಸೇರಬಹುದು. ಇದೆಲ್ಲ ಅವಳಿಗೆ ಮೊದಲೇ ಗೊತ್ತಿತ್ತು, ಮೇಡಂ ಮೂರೂ ಉತ್ತರದ ಬಗ್ಗೆ ಒಂದೊಂದು ಶನಿವಾರ ಮಾತಾಡಿಸಿದ್ದರು. ಆದರೂ ಅತ್ತಳು. ಆರು ಗಂಟೆಗೆ ಮೇಡಂ ಫೋನ್ ಬಂತು. "ಇವತ್ತು ಏನೂ ಮಾಡಬೇಡ ಮಗಳೇ. ಅಜ್ಜಿ ಜೊತೆ ಹೋಗಿ ಹುಗ್ಗಿ ತಿಂದು ಬಾ. ನಾಳೆ ಹತ್ತಕ್ಕೆ ನನ್ನ ಹತ್ತಿರ ಬಾ." ಅಜ್ಜಿ ಮೊಮ್ಮಗಳು ಸ್ವೆಟರ್ ಹಾಕಿಕೊಂಡು ಹೋದರು. ದೊನ್ನೆಯಲ್ಲಿ ನಮಗೂ ತಂದರು.

ಕೊರತೆ ಇಲ್ಲ ಅಂತಲ್ಲ. ಸಹಾಯಧನಕ್ಕೆ ಮನೆಯ ಆದಾಯ, ಆಸ್ತಿ ವಿವರ ತುಂಬುವ ಸಿಎಸ್ಎಸ್ ಪ್ರೊಫೈಲ್ ಅನ್ನುವ ಫಾರಂ ವಿಷಯ ನಮಗೆ ಹೇಳಿದ್ದು ಅಕ್ಟೋಬರ್ ಎರಡನೇ ವಾರ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲೆ ಒಂದೊಂದಕ್ಕೂ 16. ದುಡ್ಡಿಗಿಂತ ಕಷ್ಟ ಕಾಗದಪತ್ರದ್ದು. ಇಬ್ಬರ ಫಾರಂ 16, ಐಟಿ ರಿಟರ್ನ್, ತಿಪಟೂರಿನ ತೆಂಗಿನ ತೋಟದಲ್ಲಿ ಯಜಮಾನರ ಪಾಲು ಎಷ್ಟು ಬೆಲೆ ಬಾಳುತ್ತದೆ ಅನ್ನುವುದು, ಎಲ್ಲ ಬೇಕು. ಭಾವಂದಿರ ಹತ್ತಿರ ಪಹಣಿ ತರಿಸಿಕೊಳ್ಳಲು ಹತ್ತು ದಿನ ಹಿಡಿಯಿತು. ಇದನ್ನು ಆಗಸ್ಟ್‌ನಲ್ಲೇ ಹೇಳಬೇಕಿತ್ತು. ಅವರಿಗೂ ಹೇಳಿದ್ದೇನೆ, ಒಪ್ಪಿಕೊಂಡರು. ರಾತ್ರಿ ಎಂಟರ ಮೇಲೆ ಫೋನ್ ತೆಗೆಯುವುದಿಲ್ಲ. ಅಮೆರಿಕದ ಕಾಲೇಜಿಗೆ ಬರೆಯುವ ಎಸ್ಎಟಿ ಪರೀಕ್ಷೆಗೆ ಹೇಳಿಕೊಡುವುದಿಲ್ಲ, ಅದಕ್ಕೆ ಬೇರೆ ವ್ಯವಸ್ಥೆ ಮಾಡಿಕೊಳ್ಳಬೇಕು.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮಗಳಿಗೆ ಸೀಟು ಸಿಕ್ಕಿ ಬರೆಯುತ್ತಿರುವುದಲ್ಲ ಇದು. ಈಗ ಜನವರಿ, ಉಳಿದ ಏಳು ಅರ್ಜಿ ಹೋಗಿವೆ. ಡಿಫರ್ ಮಾಡಿದ ಕಾಲೇಜಿಗೆ ಅರ್ಧ ವರ್ಷದ ಅಂಕ ಹೋಗಿದೆ, ಈಗಲೂ ಬರಲು ಆಸೆ ಇದೆ ಅಂತ ಒಂದು ಪತ್ರವೂ ಹೋಗಿದೆ. ಮತ್ತೆ ಕಾಯುತ್ತಿದ್ದೇವೆ, ಪಿಯು ಪರೀಕ್ಷೆಗೂ ಓದುತ್ತಿದ್ದಾಳೆ. ರಾತ್ರಿ ನಿದ್ದೆ ಮಾಡುತ್ತಿದ್ದಾಳೆ.

ಮುಂದಿನ ವರ್ಷಕ್ಕೆ ಮೇಡಂ ಏಪ್ರಿಲ್‌ನಲ್ಲಿ ಮಾತಾಡಲು ಶುರು ಮಾಡುತ್ತಾರೆ. ಹೋಗುವಾಗ ಒಂಬತ್ತನೇ ತರಗತಿಯಿಂದ ಎಲ್ಲ ಅಂಕಪಟ್ಟಿ ತೆಗೆದುಕೊಂಡು ಹೋಗಿ. ಮಹಡಿ ಮೆಟ್ಟಿಲು ಬಹಳ ಕಡಿದು, ವಯಸ್ಸಾದವರು ಜೊತೆಗಿದ್ದರೆ ಹುಷಾರು. ಆದಷ್ಟು ಶನಿವಾರವೇ ಹೋಗಿ, ಆಗ ಮಕ್ಕಳು ಕೂತಿರುವುದನ್ನು ನೀವೇ ನೋಡಬಹುದು.