ಅಂಕವೋ, ಓಟೋ, ಬರಹವೋ: ಆಟಗಾರನ ಆಟ ತೂಗುವ ಮೂರು ಬಗೆ

ಪಂದ್ಯ ಮುಗಿದ ಮೇಲೆ ಯಾರು ಹೇಗೆ ಆಡಿದರು ಅಂತ ಅಭಿಮಾನಿಗಳಿಗೆ ತಿಳಿಸೋಕೆ ಫುಟ್‌ಬಾಲ್‌ನಲ್ಲಿ ಮೂರು ದಾರಿ ಬಳಕೆಯಲ್ಲಿವೆ. ಪತ್ರಿಕೆ ಮತ್ತು ಆ್ಯಪ್‌ಗಳು ಕೊಡುವ ಅಂಕ, ಕ್ಲಬ್ಬುಗಳು ಅಭಿಮಾನಿಗಳಿಂದ ಹಾಕಿಸುವ ಓಟು, ಕ್ಲಬ್ಬೇ ಬರೆದು ಪ್ರಕಟಿಸುವ ವಿಮರ್ಶೆ. ಮೂರನ್ನೂ ಬೆಂಗಳೂರು ಎಫ್‌ಸಿ ಪಂದ್ಯಗಳ ಜೊತೆಗಿಟ್ಟು ಓದಿದ್ದೀನಿ. ಆ ಕ್ಲಬ್ಬಿನ ಮಾಲೀಕರಾದ ಜೆಎಸ್‌ಡಬ್ಲ್ಯು ಅವರ ಉಕ್ಕಿನ ಕಾರ್ಖಾನೆ ನಮ್ಮ ತೋರಣಗಲ್ಲಿನಲ್ಲೇ ಇರೋದರಿಂದ ಈ ಭಾಗದವರಿಗೆ ಅದು ದೂರದ ತಂಡ ಅನ್ನಿಸೋದಿಲ್ಲ. ಆಮೇಲೆ ಬಳ್ಳಾರಿಯ ಮುನಿಸಿಪಲ್ ಕಾಲೇಜು ಮೈದಾನದಲ್ಲಿ ಭಾನುವಾರ ಆಡುವ ನಮ್ಮ ಹುಡುಗರ ಮೇಲೂ ಮೂರನ್ನೂ ಪ್ರಯೋಗಿಸಿದೆ. ನನ್ನ ಒಲವು ಬರಹದ ಕಡೆಗೆ. ಆದರೆ ಅದನ್ನು ಓದೋ ಕ್ರಮ ಗೊತ್ತಿರಬೇಕು.

ಅಂಕದ ದೊಡ್ಡ ಗುಣ ಅಂದ್ರೆ ಧೈರ್ಯ. ಫ್ರಾನ್ಸಿನ ಲೆಕಿಪ್ ಪತ್ರಿಕೆ 10ಕ್ಕೆ ಇಷ್ಟು ಅಂತ ಕೊಡುತ್ತೆ, ಎಂಥ ದೊಡ್ಡ ಹೆಸರಿನವನಾದರೂ ಕಳಪೆ ಆಡಿದರೆ 3 ಹಾಕೋಕೆ ಹಿಂಜರಿಯೋದಿಲ್ಲ. ಜರ್ಮನಿಯ ಕಿಕರ್ ಪತ್ರಿಕೆಯಲ್ಲಿ ಲೆಕ್ಕ ತಿರುವುಮುರುವು: 1 ಅತ್ಯುತ್ತಮ, 6 ತೀರಾ ಕಳಪೆ, ಅವರ ಶಾಲೆಗಳಲ್ಲಿ ಇರುವ ಹಾಗೇ. ಆಟದ ಅಂಕಿಅಂಶ ಲೆಕ್ಕ ಹಾಕುವ ಹೂಸ್ಕೋರ್ಡ್‌ನಂಥ ವೆಬ್‌ಸೈಟ್‌ಗಳಲ್ಲಿ ಮನುಷ್ಯರ ಅಭಿಪ್ರಾಯಕ್ಕೆ ಜಾಗವೇ ಇಲ್ಲ; ಎಲ್ಲರೂ 6.0ರಿಂದ ಶುರು, ಪಾಸು, ಟ್ಯಾಕಲ್, ಶಾಟ್ ಆದ ಹಾಗೆಲ್ಲ ಅಂಕ ಏರುತ್ತೆ, ಇಳಿಯುತ್ತೆ.

ಕೊರತೆ ಇರೋದೂ ಅಲ್ಲೇ. ಒಳ್ಳೆಯ ಡಿಫೆಂಡರ್ ಸರಿಯಾದ ಜಾಗದಲ್ಲಿ ನಿಂತರೆ ಎದುರಾಳಿ ಆ ಕಡೆ ಪಾಸು ಕೊಡೋದೇ ಇಲ್ಲ. ಏನೂ ನಡೀಲಿಲ್ಲ ಅಂದ ಮೇಲೆ ಯಂತ್ರ ಎಣಿಸೋದಾದರೂ ಏನನ್ನ? ನಮ್ಮ ತಂಡದಲ್ಲೂ ಇದೇ ಎದುರಾಯಿತು. ವಾಟ್ಸಾಪ್ ಗ್ರೂಪಿನಲ್ಲಿ ಅಂಕ ಹಾಕಿದ ದಿನ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಆಡೋ ಹುಡುಗ ನೇರವಾಗಿ ಬಂದು, ‘ಅಣ್ಣಾ, ಐದು ಯಾಕ ಕೊಟ್ಟೀರಿ? ಎಲ್ಲಿ ತಪ್ಪೈತಿ ಅದನ್ನ ಹೇಳ್ರಿ’ ಅಂದ. ನ್ಯಾಯವಾದ ಪ್ರಶ್ನೆ. ಐದು ಅನ್ನೋ ಅಂಕದೊಳಗೆ ಅದಕ್ಕೆ ಉತ್ತರ ಇಲ್ಲ.

ಓಟಿನ ವಿಷಯ ಬೇರೆ. ಪಂದ್ಯ ಮುಗಿದ ಕೂಡಲೇ ಹಾಕಿಸೋ ಓಟಿಗೆ ನಾನು ಬೆಲೆ ಕೊಡೋದಿಲ್ಲ, ಗೋಲು ಹೊಡೆದವನಿಗೇ ಅದು ಹೋಗುತ್ತೆ. ನಮ್ಮಲ್ಲಂತೂ ಬಳ್ಳಾರಿಯ ಕೌಲ್ ಬಜಾರಿನ ಹುಡುಗರು ಕೌಲ್ ಬಜಾರಿನವನಿಗೇ ಹಾಕಿದರು. ಇಡೀ ಸೀಸನ್ ನೋಡಿ ಹಾಕಿದ ಓಟಿಗೆ ಮಾತ್ರ ತೂಕ ಇದೆ. ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಓಟಿನಿಂದ ಕೊಡುವ ಸರ್ ಮ್ಯಾಟ್ ಬಸ್ಬಿ ಪ್ರಶಸ್ತಿ ಗೋಲ್‌ಕೀಪರ್ ಡೇವಿಡ್ ಡಿ ಹೆಯಾಗೆ ನಾಲ್ಕು ಸಲ ಬಂದಿದೆ. ಆ ವರ್ಷಗಳಲ್ಲಿ ತಂಡ ಯಾರ ಕೈ ಮೇಲೆ ನಿಂತಿತ್ತು ಅನ್ನೋದು ಜನಕ್ಕೆ ಚೆನ್ನಾಗೇ ಗೊತ್ತಿತ್ತು.

ಆದರೂ ಮೈದಾನದೊಳಗಿನ ಕಣ್ಣೇ ಬೇರೆ. ಇಂಗ್ಲೆಂಡಿನ ಚೆಲ್ಸಿ ತಂಡ ಲೀಗ್ ಗೆದ್ದ 2016–17ರಲ್ಲಿ ಕ್ಲಬ್ಬಿನ ವರ್ಷದ ಆಟಗಾರ ಅಂತ ಅಭಿಮಾನಿಗಳು ಆರಿಸಿದ್ದು ಈಡನ್ ಹಜಾರ್ಡ್‌ನನ್ನ, ಜೊತೆಗಾರರು ಆರಿಸಿದ್ದು ಎನ್‌ಗೊಲೊ ಕಾಂಟೆಯನ್ನ. ಚೆಂಡು ಕಸಿದು ಕೊಡೋನ ಬೆಲೆ ಪಕ್ಕದಲ್ಲಿ ಓಡೋನಿಗೆ ಗೊತ್ತು.

ಅಂಕಕ್ಕೂ ಜನರಿಗೂ ತಾಳೆಯಾಗದ ಇನ್ನೊಂದು ಉದಾಹರಣೆ ನನಗೆ ಮರೆಯೋಕಾಗಲ್ಲ. 2018ರ ಜನವರಿಯಲ್ಲಿ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್ಬು ಡಿಜಾನ್ ತಂಡವನ್ನ 8–0ಯಿಂದ ಸೋಲಿಸಿತು. ನೇಮಾರ್ ನಾಲ್ಕು ಗೋಲು ಹೊಡೆದ, ಲೆಕಿಪ್ ಅಪರೂಪಕ್ಕೆ ಕೊಡುವ ಪೂರ್ತಿ 10 ಅವನಿಗೆ ಬಂತು. ಅದೇ ರಾತ್ರಿ ಸ್ವಂತ ಮೈದಾನದ ಜನ ಅವನಿಗೆ ಸಿಳ್ಳೆ ಹೊಡೆದು ಛೀಮಾರಿ ಹಾಕಿದ್ದರು. ಕ್ಲಬ್ಬಿನ ಗೋಲುಗಳ ದಾಖಲೆ ಮುರಿಯೋಕೆ ಜೊತೆ ಆಟಗಾರ ಕವಾನಿಗೆ ಇನ್ನೊಂದೇ ಗೋಲು ಬೇಕಿತ್ತು, ಪೆನಾಲ್ಟಿಯನ್ನ ಅವನಿಗೆ ಬಿಟ್ಟುಕೊಡದೆ ನೇಮಾರ್ ತಾನೇ ಹೊಡೆದಿದ್ದ. ಹತ್ತಕ್ಕೆ ಹತ್ತರಲ್ಲಿ ಆ ಸಿಟ್ಟಿಗೆ ಜಾಗ ಎಲ್ಲಿದೆ?

ಇನ್ನು ಕ್ಲಬ್ಬೇ ಬರೆಯೋ ವಿಮರ್ಶೆ. ಪಂದ್ಯದ ವರದಿ, ಕೋಚ್ ಮಾತಾಡಿದ ವಿಡಿಯೋ, ಸೀಸನ್ ಕೊನೆಗೆ ಒಬ್ಬೊಬ್ಬರ ಪಂದ್ಯ, ಗೋಲು, ನೆರವಿನ ಲೆಕ್ಕ. ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ 2024–25ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) 40ನೇ ವಯಸ್ಸಿನಲ್ಲಿ 14 ಗೋಲು ಹೊಡೆದ. ಆ ಲೆಕ್ಕ ಅಂಕದವರ ಹತ್ರವೂ ಸಿಗುತ್ತೆ. ಆದರೆ ಗೋವಾ ವಿರುದ್ಧದ ಸೆಮಿಫೈನಲ್ಲಿನ ಎರಡನೇ ಪಂದ್ಯದಲ್ಲಿ, ಎರಡೂ ಪಂದ್ಯಗಳ ಒಟ್ಟು ಗೋಲು ಸಮನಾಗಿ ಹೆಚ್ಚುವರಿ ಸಮಯದ ಕಡೆ ಹೊರಟಿದ್ದ ಆಟದಲ್ಲಿ, ಕಟ್ಟಕಡೆಯ ನಿಮಿಷಗಳಲ್ಲಿ ಅವನು ತಲೆಯಿಂದ ಹೊಡೆದ ಒಂದು ಗೋಲು ತಂಡವನ್ನ ಫೈನಲ್‌ಗೆ ಮುಟ್ಟಿಸಿತು. ಆ ಗೋಲು ಹೇಗೆ ಬಂತು, ಅವನು ಡಿಫೆಂಡರ್ ಕಣ್ಣು ತಪ್ಪಿಸಿ ಎಲ್ಲಿ ನಿಂತಿದ್ದ ಅನ್ನೋದನ್ನ ಬರಹ ಮತ್ತು ವಿಡಿಯೋ ಮಾತ್ರ ತೋರಿಸಬಲ್ಲವು.

ಕ್ಲಬ್ಬು ಬಹಿರಂಗವಾಗಿ ಬೈಯೋದಿಲ್ಲ, ಅದು ಸಹಜ. ಮುಂದಿನ ವಾರ ಆಡಬೇಕಾದವನೂ ಅವನೇ, ನಾಳೆ ಮಾರಬೇಕಾದರೆ ಬೆಲೆ ಇಳಿಯಬಾರದವನೂ ಅವನೇ. ಅದಕ್ಕೇ ಸೋತ ಪಂದ್ಯದ ವರದಿಯಲ್ಲಿ ‘ಎದುರಾಳಿಗೆ ಪೆನಾಲ್ಟಿ ಸಿಕ್ಕಿತು’ ಅಂತಿರುತ್ತೆ, ಯಾರಿಂದ ಸಿಕ್ಕಿತು ಅಂತ ಇರೋದಿಲ್ಲ. ಹಾಗಾಗಿ ಯಾರ ಹೆಸರು ಬಂದಿಲ್ಲ ಅನ್ನೋದನ್ನೂ ಓದಬೇಕು. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಸೀಸನ್ ಮುಗಿದ ಮೇಲೆ ಯಾರನ್ನ ಉಳಿಸಿಕೊಂಡರು, ಯಾರನ್ನ ಬಿಟ್ಟರು ಅನ್ನೋ ಪಟ್ಟಿ ಬರುತ್ತಲ್ಲ, ಕ್ಲಬ್ಬು ಬರೆಯೋ ಅತ್ಯಂತ ಖಡಕ್ ವಿಮರ್ಶೆ ಅದೇ. ವಿಶೇಷಣ ಒಂದೂ ಇಲ್ಲ, ಬರೀ ಹೆಸರು.

ನಮ್ಮ ಗ್ರೂಪಿನಲ್ಲಿ ಈಗ ಅಂಕವೂ ಇಲ್ಲ, ಓಟೂ ಇಲ್ಲ. ಹೊರಗೆ ಕೂತ ಒಬ್ಬ ಹುಡುಗ ಫೋನಿನಲ್ಲಿ ನಿಮಿಷ ಸಮೇತ ಬರ್ಕೊತಾನೆ: ‘32ನೇ ನಿಮಿಷ, ಲೆಫ್ಟ್ ಬ್ಯಾಕ್ ಒಳಗ ಸರಿದ, ಎದುರಾಳಿ ವಿಂಗರ್ ಖಾಲಿ ಉಳಿದ.’ ‘51, ಅದೇ ಜಾಗ, ಈ ಸಲ ಹೊರಗ ನಿಂತ, ಪಾಸು ಬರಲೇ ಇಲ್ಲ.’ ಎರಡನೇ ಸಾಲು ಯಾವ ಆ್ಯಪ್‌ನಲ್ಲೂ ಸಿಗೋದಿಲ್ಲ, ಆ ಲೆಫ್ಟ್ ಬ್ಯಾಕ್ ಹುಡುಗನಿಗೆ ಬೇಕಿದ್ದದ್ದು ಅದೇ. ಕ್ಲಬ್ಬುಗಳಿಂದ ಒಂದು ಪದ್ಧತಿಯನ್ನ ಹಾಗೇ ತಗೊಂಡಿದ್ದೀವಿ: 51ನೇ ನಿಮಿಷದ್ದು ಗ್ರೂಪಿಗೆ ಹೋಗುತ್ತೆ, 32ನೇ ನಿಮಿಷದ್ದು ಅವನೊಬ್ಬನಿಗೆ. ಕೊಪ್ಪಳ, ರಾಯಚೂರು ಕಡೆ ತಂಡ ನಡೆಸೋರು ಇದನ್ನ ಮಾಡಿ ನೋಡ್ರಿ, ಒಂದು ಫೋನು, ಆಟ ಗೊತ್ತಿರೋ ಒಬ್ಬ ಹುಡುಗ ಇದ್ದರೆ ಸಾಕು.