1904 ಅಂತ ಕೆತ್ತಿದ್ದರೆ ಆ ರೇಜರ್ 1904ರದ್ದು ಅಂತ ನಂಬಬೇಡಿ

ಹಳೆ ಸಾಮಾನಿನ ಅಂಗಡಿಗಳಲ್ಲಿ ಹಳೇ ಗಿಲೆಟ್ ರೇಜರ್‌ಗಳಿಗೆ ಈಗ ಒಳ್ಳೆ ಬೆಲೆ ಬಂದಿದೆ. ಜೊತೆಗೆ ಮೋಸವೂ ಬಂದಿದೆ. ಕೊಳ್ಳುವ ಯೋಚನೆ ಇರುವವರು ದಯವಿಟ್ಟು ಇದನ್ನು ಓದಿ.

ನಮ್ಮ ಮಾವನವರು ಇವತ್ತಿಗೂ ಬ್ಲೇಡ್ ಹಾಕುವ ರೇಜರಿನಲ್ಲೇ ಶೇವ್ ಮಾಡಿಕೊಳ್ಳುತ್ತಾರೆ. ಅವರಿಗೆ ಕೊಡೋಣ ಅಂತ ಬೆಂಗಳೂರಿನ ಒಂದು ಅಂಗಡಿಯಲ್ಲಿ ಚಿನ್ನದ ಬಣ್ಣದ ಗಿಲೆಟ್ ತೆಗೆದುಕೊಂಡೆ. "ನೋಡಿ ಸಾರ್, ನವೆಂಬರ್ 15, 1904 ಅಂತ ಇಲ್ಲೇ ಇದೆ. ಇಂಥ ಪೀಸು ಇನ್ನೆಲ್ಲೂ ಸಿಗಲ್ಲ" ಅಂತ ಹೇಳಿ ಮೂರೂವರೆ ಸಾವಿರ ತೆಗೆದುಕೊಂಡರು.

ಮೊದಲನೇ ಸಲಕ್ಕೇ ಮಾವನವರ ಗದ್ದ ಕೊಯ್ದುಹೋಯಿತು. ಅವರಿಗೆ ಸಕ್ಕರೆ ಕಾಯಿಲೆ ಇದೆ, ಗಾಯ ಬೇಗ ಮಾಯಲಿಲ್ಲ. ದುಡ್ಡು ಹೋಗಿದ್ದಕ್ಕಿಂತ ಇದಕ್ಕೇ ನನಗೆ ಜಾಸ್ತಿ ಸಿಟ್ಟು.

ಆಮೇಲೆ ರೇಜರನ್ನು ಬಿಚ್ಚಿ ಬೆಳಕಿಗೆ ಹಿಡಿದೆ. ಬ್ಲೇಡಿನ ಕೆಳಗಿನ ತಟ್ಟೆಯ ಒಂದು ಮೂಲೆಯಲ್ಲಿ ಎರಡು ಹಲ್ಲು ಬಗ್ಗಿದ್ದವು. ಯಾವತ್ತೋ ಕೆಳಗೆ ಬಿದ್ದಿರಬೇಕು. ಅಲ್ಲಿ ಬ್ಲೇಡಿನ ಅಂಚು ಜಾಸ್ತಿ ಹೊರಗೆ ಬರುತ್ತಿತ್ತು. ಹಿಡಿಯ ಮೇಲೆ ಉಗುರು ಓಡಿಸಿದರೆ ಒಂದು ಕಡೆ ಸಿಕ್ಕಿಕೊಳ್ಳುತ್ತಿತ್ತು. ಕೂದಲೆಳೆಯಷ್ಟು ಸಣ್ಣ ಬಿರುಕು, ಮೇಲೆ ಹೊಸದಾಗಿ ಚಿನ್ನದ ಲೇಪ ಕೊಟ್ಟು ಮುಚ್ಚಿದ್ದರು. ಕೆತ್ತಿದ ಅಕ್ಷರಗಳ ಅಂಚು ಕೂಡ ಮೊಂಡಾಗಿತ್ತು. ಜೋರಾಗಿ ಪಾಲಿಶ್ ಮಾಡಿ ಮತ್ತೆ ಲೇಪ ಹಾಕಿದರೆ ಹೀಗಾಗುತ್ತದೆ. ವಾಪಸ್ ಕೊಡಲು ಹೋದರೆ "ಹಳೆ ಸಾಮಾನಿಗೆ ಗ್ಯಾರಂಟಿ ಇರಲ್ಲ" ಅಂದುಬಿಟ್ಟರು.

ಇನ್ನು ಆ ತಾರೀಕಿನ ವಿಷಯ. ಈ ರೇಜರ್ ಕಂಪನಿ ಶುರು ಮಾಡಿದ ಕಿಂಗ್ ಗಿಲೆಟ್ ಅವರಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ ದಿನ 1904ರ ನವೆಂಬರ್ 15. ಆಗ ಪೇಟೆಂಟಿನ ಅವಧಿ 17 ವರ್ಷ ಇತ್ತು. ಹಾಗಾಗಿ ವರ್ಷಗಟ್ಟಲೆ ತಯಾರಾದ ರೇಜರ್‌ಗಳ ಮೇಲೂ ಅದೇ ತಾರೀಕು ಬಿತ್ತು. ಅದು ರೇಜರ್ ಹುಟ್ಟಿದ ದಿನವಲ್ಲ, ಪೇಟೆಂಟಿನದು. 'ಎಲ್ಲೂ ಸಿಗಲ್ಲ' ಅನ್ನುವುದೂ ಸುಳ್ಳು. ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೇ ಲಕ್ಷಗಟ್ಟಲೆ ಗಿಲೆಟ್ ಕೊಟ್ಟಿದ್ದರು. ಹಿಡಿಯ ತುದಿ ತಿರುಗಿಸಿದರೆ ತಲೆ ಬಾಗಿಲಿನ ಹಾಗೆ ತೆರೆಯುವ, 1950ರ ದಶಕದಿಂದ ಈಚಿನ ಅಮೆರಿಕನ್ ಗಿಲೆಟ್‌ಗಳಲ್ಲಿ ತಲೆಯ ಕೆಳಗೆ ಒಂದು ಅಕ್ಷರ, ಒಂದು ಅಂಕಿ ಇರುತ್ತದೆ. 'ಎ' ಅಂದರೆ 1955, 'ಸಿ' ಅಂದರೆ 1957. ಅಂಕಿ ವರ್ಷದ ಎಷ್ಟನೇ ಮೂರು ತಿಂಗಳು ಅಂತ ಹೇಳುತ್ತದೆ. ಅದನ್ನು ನಂಬಬಹುದು.

ಕೊಳ್ಳಲು ಹೋಗುವಾಗ ಜೇಬಿನಲ್ಲಿ ಒಂದು ಹೊಸ ಬ್ಲೇಡ್ ಇಟ್ಟುಕೊಳ್ಳಿ. ಅಂಗಡಿಯಲ್ಲೇ ಹಾಕಿ, ತಿರುಪು ಬಿಗಿ ಮಾಡಿ, ಕಣ್ಣಿನ ಮಟ್ಟಕ್ಕೆ ಹಿಡಿದು ಎರಡೂ ಕಡೆ ಅಂಚು ಸಮವಾಗಿ ಕಾಣುತ್ತಾ ನೋಡಿ. ಅಂಗಡಿಯವರು ಇದಕ್ಕೆ ಒಪ್ಪದಿದ್ದರೆ ಸುಮ್ನೆ ಹೊರಟುಬಿಡಿ. ಮೂರು ಮೊಳೆ ಇರುವ ಹಳೇ ಗಿಲೆಟ್‌ಗೂ ಇವತ್ತಿನ ಬ್ಲೇಡ್ ಕೂರುತ್ತದೆ. ಆದರೆ ರೋಲ್ಸ್ ರೇಜರ್, ವ್ಯಾಲೆಟ್, ಜೆಮ್ ಇಂಥ ಬೇರೆ ಹೆಸರಿನ ಹಳೇ ರೇಜರ್‌ಗಳಿಗೆ ಕೂರುವುದಿಲ್ಲ, ಅವುಗಳ ಬ್ಲೇಡೇ ಬೇರೆ. ಮ್ಯಾಗ್ನೆಟ್ ಅಂಟಲಿಲ್ಲ ಅಂದ ಮಾತ್ರಕ್ಕೆ ಹಿತ್ತಾಳೆ ಅಂದುಕೊಳ್ಳಬೇಡಿ. ಸತುವಿನ ಮಿಶ್ರಲೋಹಕ್ಕೂ ಅಂಟುವುದಿಲ್ಲ. ತಿರುಪಿನ ಒಳಗೆ ಲೇಪ ಸವೆದ ಜಾಗ ನೋಡಿ, ಹಿತ್ತಾಳೆ ಹಳದಿ, ಸತು ಬೂದು. ತಲೆ ಒಂದರದ್ದು, ಹಿಡಿ ಇನ್ನೊಂದರದ್ದು ಸೇರಿಸಿ ಮಾರುವವರೂ ಇದ್ದಾರೆ. ಎರಡರ ಬಣ್ಣ, ಸವೆತ ಒಂದೇ ಥರ ಇದೆಯಾ ನೋಡಿ.

ಒಳ್ಳೆಯದು ಸಿಕ್ಕಿದರೆ ಬಿಸಿ ನೀರು, ಸೋಪು, ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಹಿತ್ತಾಳೆ ಉಜ್ಜುವ ಪಾಲಿಶ್ ಹಾಕಿದರೆ ಚಿನ್ನದ ಲೇಪ ಎದ್ದುಹೋಗುತ್ತದೆ. ಶೇವ್ ಮಾಡುವ ಮುಂಚೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿ. ಒಳಗೆ ತುಕ್ಕು ಹಿಡಿದ ಹಳೇ ಬ್ಲೇಡ್ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ದಪ್ಪ ಕಾಗದದಲ್ಲಿ ಸುತ್ತಿ, ಟೇಪ್ ಹಚ್ಚಿ, ಬ್ಲೇಡ್ ಅಂತ ಬರೆದು ಕಸದವರ ಕೈಗೆ ಬೇರೆಯಾಗಿಯೇ ಕೊಡಿ.