ಮೂರು ವರ್ಷ, ಮೂರು ಸಲ ಹೆಡ್ ಬಿಚ್ಚಿದ ಮೇಲೆ: ಹೆಡ್ ಸ್ಟಡ್ ಬಗ್ಗೆ ನನ್ನ ಅನುಭವ

ಎಂಜಿನ್ನಿನ ಹೆಡ್ಡನ್ನು, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳವನ್ನು, ಕೆಳಗಿನ ಬ್ಲಾಕಿಗೆ ಬಿಗಿಯುವುದು ಸಾಮಾನ್ಯವಾಗಿ ಬೋಲ್ಟ್. ಅದರ ಬದಲು ತಲೆಯಿಲ್ಲದ, ಎರಡೂ ತುದಿಗೆ ಥ್ರೆಡ್ ಇರುವ ಸರಳು ಕೂರಿಸಿ ಮೇಲಿಂದ ನಟ್ ಬಿಗಿದರೆ ಅದೇ ಸ್ಟಡ್. ನಾನು ಸ್ಟಡ್ ಹಾಕಿದ್ದೇ ತಪ್ಪು ಕಾರಣಕ್ಕೆ. ಎರಡು ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಎಂಜಿನ್, ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್. ಬೂಸ್ಟ್ (ಟರ್ಬೊ ಒಳಗೆ ತುಂಬುವ ಗಾಳಿಯ ಒತ್ತಡ) ಏರಿಸಿ ಎರಡು ತಿಂಗಳಾಗಿತ್ತಷ್ಟೆ, ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ (ಹೆಡ್ಡಿಗೂ ಬ್ಲಾಕಿಗೂ ಮಧ್ಯದ ಸೀಲ್) ಹೋಯಿತು. ‘ಬೋಲ್ಟ್‌ಗೆ ತಾಕತ್ತಿಲ್ಲ, ಗಟ್ಟಿ ಸ್ಟಡ್ ಹಾಕು’ ಅಂತ ಎಲ್ಲರೂ ಹೇಳಿದರು, ನಾನೂ ನಂಬಿದೆ. ಎಆರ್‌ಪಿ ಕಂಪನಿಯ 8740 ಕ್ರೋಮ್-ಮಾಲಿ (ಒಂದು ಬಗೆಯ ಗಟ್ಟಿ ಉಕ್ಕು) ಸೆಟ್ ತರಿಸಿದೆ: ಹತ್ತು ಸ್ಟಡ್, ಹತ್ತು ನಟ್, ಹತ್ತು ವಾಷರ್, ಜೊತೆಗೆ ಥ್ರೆಡ್‌ಗೆ ಹಚ್ಚಲು ಒಂದಿಷ್ಟು ಜಾರು ಪೇಸ್ಟ್. ಆ ಸೆಟ್ ಮೇಲೆ ಇವತ್ತಿಗೂ ನನಗೆ ದೂರಿಲ್ಲ. ದೂರು ಇರುವುದು ನಾನು ಅದನ್ನು ಅರ್ಥಮಾಡಿಕೊಂಡ ರೀತಿಯ ಮೇಲೆ.

ಒಂದು ಲೆಕ್ಕ ಹಾಕಿ ನೋಡಿ. 86 ಮಿ.ಮೀ. ಬೋರ್‌ನಲ್ಲಿ (ಬೋರ್ ಅಂದರೆ ಸಿಲಿಂಡರಿನ ಒಳಗಿನ ತೂತು) 100 ಬಾರ್ ಒತ್ತಡ ಹುಟ್ಟಿದರೆ ಹೆಡ್ಡನ್ನು ಮೇಲಕ್ಕೆ ನೂಕುವ ಬಲ ಸುಮಾರು 58 ಕಿಲೋನ್ಯೂಟನ್, ಹತ್ತಿರ ಹತ್ತಿರ ಆರು ಟನ್ ಭಾರ. ಇಷ್ಟಕ್ಕೆ ಸುತ್ತಲಿನ ಬೋಲ್ಟ್‌ಗಳೇನೂ ತುಂಡಾಗುವುದಿಲ್ಲ. ಆದರೆ ಹೆಡ್ ಕೂದಲೆಳೆಯಷ್ಟು ಸಡಿಲವಾದರೂ ಸಾಕು, ಬಿಸಿ ಗ್ಯಾಸ್ ಗ್ಯಾಸ್ಕೆಟ್ಟಿನ ಅಂಚನ್ನು ಕೊರೆಯಲು ಶುರುಮಾಡುತ್ತದೆ. ಅದನ್ನು ತಡೆಯುವುದು ನಾವು ಮೊದಲೇ ಬಿಗಿದು ಕೂರಿಸಿದ ಬಲ ಮಾತ್ರ. ಸ್ಟಡ್ ಅಂದರೆ ಒಂದು ಗಡಸು ಸ್ಪ್ರಿಂಗ್ ಅಂದುಕೊಳ್ಳಿ. ದಪ್ಪ ಒಂದೇ, ಎಳೆತ ಒಂದೇ ಆದರೆ ಸಾಮಾನ್ಯ ಉಕ್ಕೂ ಗಟ್ಟಿ ಉಕ್ಕೂ ಹಿಗ್ಗುವುದು ಹೆಚ್ಚುಕಡಿಮೆ ಅಷ್ಟೇ. ಗಟ್ಟಿ ಉಕ್ಕು ಮತ್ತೆ ಮೊದಲಿನ ಉದ್ದಕ್ಕೆ ಬಾರದ ಹಾಗೆ ಹಿಗ್ಗುವ ಮುಂಚೆ ಇನ್ನಷ್ಟು ಎಳೆಸಿಕೊಳ್ಳುತ್ತದೆ, ಅಷ್ಟೇ ಅದರ ಲಾಭ. ಎಳೆಯಲೇ ಇಲ್ಲ ಅಂದರೆ ಆ ಲಾಭ ಪೆಟ್ಟಿಗೆಯಲ್ಲೇ ಉಳಿಯಿತು.

ಎಳೆಯುವುದರಲ್ಲೇ ಇರುವುದು ತಮಾಷೆ. ಟಾರ್ಕ್ ವ್ರೆಂಚ್‌ನಲ್ಲಿ (ಗೊತ್ತುಮಾಡಿದ ತಿರುಚು ಬಲ, ಅಂದರೆ ಟಾರ್ಕ್, ಮುಟ್ಟಿದಾಗ ‘ಟಿಕ್’ ಅನ್ನುವ ಸ್ಪಾನರ್) ನಾವು ಹಾಕುವ ಶ್ರಮದಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಪಾಲು ಬರೀ ಉಜ್ಜಾಟಕ್ಕೆ ಹೋಗುತ್ತದೆ, ಒಂದು ಪಾಲು ಮಾತ್ರ ಸ್ಟಡ್ಡನ್ನು ಹಿಗ್ಗಿಸುತ್ತದೆ. ಥ್ರೆಡ್ ಸ್ವಲ್ಪ ಕೊಳೆಯಾಗಿದ್ದರೂ ಆ ಒಂದು ಪಾಲು ಅರ್ಧಕ್ಕೆ ಇಳಿಯಬಹುದು, ವ್ರೆಂಚ್ ಮಾತ್ರ ಎಂದಿನಂತೆ ‘ಟಿಕ್’ ಅನ್ನುತ್ತದೆ. ಬೋಲ್ಟ್ ಬಿಗಿಯುವಾಗ ಉದ್ದನೆಯ ಕಾಂಡ ಪೂರ್ತಿ ತಿರುಚಿಕೊಳ್ಳುತ್ತಾ ಹಿಗ್ಗಬೇಕು, ಬ್ಲಾಕಿನ ಥ್ರೆಡ್ ಮೇಲೆ ಉಜ್ಜಬೇಕು. ಹಳೇ ಬೋಲ್ಟ್‌ಗಳು ಕೊನೆಯ ಸುತ್ತಿನಲ್ಲಿ ಕಿರ್ರ್ ಅಂತ ತಡೆದು ತಡೆದು ಬರುತ್ತಿದ್ದದ್ದು ಇನ್ನೂ ಕೈಗೆ ನೆನಪಿದೆ. ಸ್ಟಡ್ ಬ್ಲಾಕಿನಲ್ಲಿ ಸುಮ್ಮನೆ ಕೂತಿರುತ್ತದೆ, ಮೇಲೆ ಸಣ್ಣ ಥ್ರೆಡ್ಡಿನ ನಟ್ ಮಾತ್ರ ತಿರುಗುತ್ತದೆ. ಆ ಪೇಸ್ಟ್ ಹಚ್ಚಿದರೆ ಬೆಣ್ಣೆಯ ಹಾಗೆ ಬರುತ್ತದೆ, ಹತ್ತೂ ನಟ್ ಒಂದೇ ಹದದಲ್ಲಿ. ನನ್ನ ಮಟ್ಟಿಗೆ ಸ್ಟಡ್ಡಿನ ದೊಡ್ಡ ಗುಣ ಈ ಹದವೇ, ಗಟ್ಟಿತನ ಆಮೇಲಿನ ಮಾತು. ಒಂದು ಎಚ್ಚರ: ಎಂಜಿನ್ ಆಯಿಲ್ ಹಚ್ಚಿದಾಗಿನ ಟಾರ್ಕ್ ಅಂಕಿಯನ್ನು ಪೇಸ್ಟ್‌ಗೆ ಬಳಸಬೇಡಿ. ಪೇಸ್ಟ್ ಜಾರುತ್ತದೆ, ಅದೇ ಅಂಕಿಗೆ ಎಳೆತ ಮಿತಿಮೀರುತ್ತದೆ. ಪೇಸ್ಟ್ ಹಚ್ಚಬೇಕಾದ್ದು ಥ್ರೆಡ್‌ಗೆ ಮತ್ತು ನಟ್ಟಿನ ಅಡಿಗೆ, ವಾಷರ್ ಕೆಳಗಲ್ಲ. ವಾಷರ್ ತಿರುಗಿದರೆ ಲೆಕ್ಕವೆಲ್ಲ ಕೆಟ್ಟಿತು.

ಸ್ಟಡ್ಡನ್ನು ಬ್ಲಾಕಿಗೆ ಬಿಗಿಯಬಾರದು, ಬೆರಳ ಬಿಗಿ ಸಾಕು. ಇದನ್ನು ಎಷ್ಟು ಓದಿದ್ದರೂ ಮೊದಲ ಸಲ ಕೈ ಕೇಳುವುದಿಲ್ಲ. ನಾನು ಮೊದಲ ಸ್ಟಡ್ಡನ್ನು ಅಲೆನ್ ಕೀಲಿಯಲ್ಲಿ ತಿರುಗಿಸುತ್ತಾ ಹೋದಾಗ ಅದು ತಳ ಮುಟ್ಟುವ ಮೊದಲೇ ಮೆತ್ತಗೆ ತಡೆಯಿತು. ಹೊರತೆಗೆದು ಟಾರ್ಚ್ ಬಿಟ್ಟು ನೋಡಿದರೆ ತೂತಿನ ತಳದಲ್ಲಿ ಕರಿ ಎಣ್ಣೆ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ಉಳಿದು, ಮೇಲಿಂದ ಬಲ ಹಾಕಿದರೆ ಬ್ಲಾಕೇ ಸೀಳಬಹುದು. ಹತ್ತೂ ತೂತಿಗೆ ಬಟ್ಟೆಯ ಬತ್ತಿ ಇಳಿಸಿ ಹೀರಿಸಿ, ಗಾಳಿ ಹೊಡೆದು, ಇರುವ ಥ್ರೆಡ್ಡನ್ನೇ ಶುದ್ಧಮಾಡುವ ಥ್ರೆಡ್ ಚೇಸರ್ ಓಡಿಸಿದೆ. ಹೊಸ ಥ್ರೆಡ್ ಕೊರೆಯುವ ಟ್ಯಾಪ್ ಬೇಡ, ಅದು ಲೋಹವನ್ನೇ ಕೆರೆದು ಹಾಕುತ್ತದೆ. ಹೆಡ್ ಕೂರಿಸಲು ಅರ್ಧ ತಾಸು, ತೂತು ಶುದ್ಧಮಾಡಲು ಇಡೀ ಮಧ್ಯಾಹ್ನ. ತೂತು ನೀರಿನ ಜಾಕೆಟ್‌ಗೆ (ಎಂಜಿನ್ ತಂಪಿಡುವ ನೀರಿನ ದಾರಿ) ತೆರೆದುಕೊಳ್ಳುವ ಎಂಜಿನ್ ಆದರೆ ಥ್ರೆಡ್ ಸೀಲರ್ ಕೂಡ ಬೇಕು.

ಕೈ ಸುಟ್ಟುಕೊಂಡದ್ದು ಬೇರೆ ಕಡೆ. ಬ್ಲಾಕನ್ನು ಹೋನಿಂಗ್‌ಗೆ (ಸಿಲಿಂಡರ್ ಗೋಡೆ ಉಜ್ಜಿ ಹದಮಾಡುವ ಕೆಲಸ) ಕೊಟ್ಟಾಗ ಟಾರ್ಕ್ ಪ್ಲೇಟ್ (ಹೆಡ್ಡಿನ ಬದಲು ಬಿಗಿಯುವ ದಪ್ಪ ತಟ್ಟೆ) ಹಾಕಿಯೇ ಮಾಡಿದ್ದರು, ಆದರೆ ಹಳೇ ಬೋಲ್ಟ್‌ನಲ್ಲಿ. ಸ್ಟಡ್ ಕೊಡಬೇಕೆಂದು ನನಗೂ ಹೊಳೆಯಲಿಲ್ಲ, ಅವರೂ ಕೇಳಲಿಲ್ಲ. ಹೆಡ್ ಬಿಗಿದಾಗ ಸಿಲಿಂಡರ್ ಗೋಡೆ ಸೂಕ್ಷ್ಮವಾಗಿ ಸೊಟ್ಟಗಾಗುತ್ತದೆ. ಸ್ಟಡ್ ಎಳೆಯುವ ಆಳ ಬೇರೆ, ಬಲ ಬೇರೆ, ಹಾಗಾಗಿ ಸೊಟ್ಟವೂ ಬೇರೆ. ಬೋಲ್ಟ್‌ಗೆ ದುಂಡಗಿದ್ದ ಬೋರ್ ಸ್ಟಡ್‌ಗೆ ದುಂಡಗಿರಲಿಲ್ಲ. ಎಂಜಿನ್ ಆಯಿಲ್ ಕುಡಿಯತೊಡಗಿತು. ಮೊದಲ ಸಲ ಹೆಡ್ ಬಿಚ್ಚಿದ್ದು ಇದಕ್ಕೇ. ಅದೇ ಸ್ಟಡ್ ಹಾಕಿ ಮತ್ತೆ ಹೋನ್ ಮಾಡಿಸಿ, ಹೊಸ ರಿಂಗ್ ಹಾಕಿದ ಮೇಲೆ ನಿಂತಿತು.

ಎರಡನೇ ಸಲ ಕವಾಟದ ಕೆಲಸಕ್ಕೆ, ಎಂಜಿನ್ ಗಾಡಿಯಲ್ಲೇ ಇತ್ತು. ಸ್ಟಡ್ ಇರುವಾಗ ಹೆಡ್ಡನ್ನು ನೇರ ಮೇಲಕ್ಕೇ ಎತ್ತಬೇಕು. ಓರೆಮಾಡಿ ಜಾರಿಸುವ ಹಾಗಿಲ್ಲ, ಮೇಲೆ ಜಾಗವೂ ಇರಲಿಲ್ಲ. ಹಿಂದಿನ ಸಾಲಿನ ಸ್ಟಡ್‌ಗಳನ್ನು ಅಲೆನ್ ಕೀಲಿಯಲ್ಲಿ ಒಂದೊಂದೇ ಬಿಡಿಸಿ ತೆಗೆದೆ. ಬೆರಳ ಬಿಗಿಯಲ್ಲೇ ಕೂರಿಸಿದ್ದರ ಪುಣ್ಯ, ಸಲೀಸಾಗಿ ಬಂದವು. ಇನ್ನೊಂದು ಸಣ್ಣ ಕಿರಿಕಿರಿ: ನಟ್ ಕೂರುವ ಗುಂಡಿ ಇಕ್ಕಟ್ಟು, ಸಾಮಾನ್ಯ ಸಾಕೆಟ್ ಒಳಗೆ ಹೋಗಲಿಲ್ಲ. ಒಂದು ಸಾಕೆಟ್ಟಿನ ಹೊರಗೋಡೆಯನ್ನು ಗ್ರೈಂಡರ್‌ಗೆ ಕೊಟ್ಟು ತೆಳುಮಾಡಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಇನ್ನೂ ಮೇಲಿನ ದರ್ಜೆ ಬೇಕೇ ಅಂತ ಕೇಳುವವರಿಗೆ: 8740 ಸುಮಾರು 2,00,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಎಳೆತ ತಡೆಯುತ್ತದೆ, ಎಆರ್‌ಪಿ 2000 ಅನ್ನುವ ಲೋಹ 2,20,000. ಎಲ್19 ಇನ್ನೂ ಮೇಲೆ, 2,60,000, ಆದರೆ ಅದಕ್ಕೆ ತೇವ ಆಗದು. ಕೈಬೆವರು ಕೂಡ ಶತ್ರು, ತುಕ್ಕಿನ ಚುಕ್ಕಿಯಿಂದ ಬಿರುಕು ಹುಟ್ಟಿ ಮುರಿಯಬಹುದು. ದಿನಾ ಓಡುವ ಗಾಡಿಗೆ ನಾನಂತೂ ಹಾಕುವುದಿಲ್ಲ. ಟರ್ಬೊ ಇಲ್ಲದೆ ಕ್ಯಾಮ್, ಕಂಪ್ರೆಶನ್ ಮಾತ್ರ ಸ್ವಲ್ಪ ಏರಿಸುವವರಿಗೆ ಕಂಪನಿಯ ಹೊಸ ಬೋಲ್ಟೇ ಸಾಕು. ಟಾರ್ಕ್ ಆದಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸಿ ಹಿಗ್ಗಿಸುವ ಒಂದೇ ಸಲದ ಬೋಲ್ಟ್ ಆದರೆ, ಹಳೆಯದನ್ನು ಮತ್ತೆ ಹಾಕುವ ಆಸೆ ಮಾತ್ರ ಬೇಡ.

ಕಳೆದ ತಿಂಗಳು ಮೂರನೇ ಸಲ ಬಿಚ್ಚಿದೆ. ಹೊಸದಿದ್ದಾಗ ಹತ್ತೂ ಸ್ಟಡ್ಡಿನ ಉದ್ದ ಅಳೆದು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೆ. ವರ್ನಿಯರ್ ಹಿಡಿದು ಮತ್ತೆ ಅಳೆದರೆ ಹತ್ತೂ ಅದೇ ಉದ್ದ. ಒಂದನ್ನು ಮಾತ್ರ ಪಕ್ಕಕ್ಕಿಟ್ಟೆ. ಹೆಡ್ ಇಳಿಸುವಾಗ ನಾನೇ ತಾಗಿಸಿ ಅದರ ತುದಿಯ ಥ್ರೆಡ್ ಜಜ್ಜಿದ್ದೆ. ಅದರ ಜಾಗಕ್ಕೆ ಹೊಸದೊಂದು ಬಿಡಿಯಾಗಿ ಸಿಕ್ಕಿತು, ಉಳಿದ ಒಂಬತ್ತು ಹಳೆಯವೇ ಮತ್ತೆ ಬ್ಲಾಕಿಗೆ ಹೋದವು.